ಅಪ್ಪನ ಕಾರಿನ ಬ್ರೇಕ್ ದೀಪ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ನನಗಿಂತ ಹಿರಿಯದಾದ ಒಂದು ಕಾರಿತ್ತು. ಮೇಷ್ಟ್ರಾಗಿ ನಿವೃತ್ತರಾಗಿದ್ದ ಅಪ್ಪ ಅದನ್ನು ಓಡಿಸುತ್ತಿದ್ದುದು ಮದುವಣಗಿತ್ತಿಯನ್ನು ಹಸೆಮಣೆಗೆ ಕರೆತಂದಂತೆ. ಬ್ರೇಕನ್ನು ಅವರು ತುಳಿಯುತ್ತಿರಲಿಲ್ಲ, ಸವರುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಹಿಂದಿನ ಕೆಂಪು ದೀಪದ ಸ್ವಿಚ್ಚು ಬ್ರೇಕ್ ಆಯಿಲಿನ ಪೈಪಿನಲ್ಲಿತ್ತು. ಜೋರಾಗಿ ತುಳಿದರಷ್ಟೇ ಅದು ಒತ್ತಿಕೊಳ್ಳುತ್ತಿತ್ತು. ಸವರಿದರೆ ಕಾರು ನಿಲ್ಲುತ್ತಿತ್ತು, ದೀಪ ಹತ್ತುತ್ತಿರಲಿಲ್ಲ.

ಹಾಗಾಗಿ ದೀಪದ ಕೆಲಸ ಅಮ್ಮನದು. ಹಿಂದಿನ ಸೀಟಿನಲ್ಲಿ ಅಡ್ಡ ತಿರುಗಿ ಕೂತು, ಹಿಂದಿನ ಗಾಜಿನಲ್ಲೇ ಕಣ್ಣಿಟ್ಟಿರುತ್ತಿದ್ದಳು. ಅಪ್ಪ "ನಿಲ್ಲಿಸ್ತೀನಿ ಕಣೇ" ಅಂದೊಡನೆ ಕಿಟಕಿಯಿಂದ ಬಳೆಗೈ ಹೊರಹಾಕಿ ಆಡಿಸುತ್ತಿದ್ದಳು. ನೆಂಟರೆಲ್ಲ ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ, ನಗು ಬರುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಚನ್ನರಾಯಪಟ್ಟಣದ ರಸ್ತೆಯಲ್ಲಿ ಹಿಂದಿನಿಂದ ಬಸ್ಸೊಂದು ಕಿರ್ರೆಂದು ಬಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದ. "ಯಜಮಾನ್ರೇ, ಅಮ್ಮಾವ್ರ ಕೈ ನೋಡ್ಕೊಂಡು ಬಸ್ ಓಡ್ಸಕ್ಕಾಯ್ತದಾ?"

ಆ ರಾತ್ರಿ ಊಟದ ಹೊತ್ತಿಗೆ ಅಮ್ಮನಿಂದ ಇದು ಕಿವಿಗೆ ಬಿದ್ದದ್ದೇ ನಾನು ಕಡ್ಡಿ ಮುರಿದಂತೆ ಹೇಳಿದೆ: "ದೀಪ ಸರಿಯಾಗ್ಲಿಲ್ಲ ಅಂದ್ರೆ ಕಾರು ಮಾರೋದೇ." ಅಪ್ಪ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನುಗ್ಗೇಹಳ್ಳಿಯಲ್ಲಿದ್ದ ತಮ್ಮ ತಂಗಿಯನ್ನು ತಾವೇ ಹೋಗಿ ನೋಡಿಬರುವುದೊಂದೇ ಅವರಿಗೆ ಉಳಿದಿದ್ದ ಸಂತೋಷ. ಪಾಪ ಅನ್ನಿಸಿ, ಮಾರನೆಯ ದಿನವೇ ಇಬ್ಬರನ್ನೂ ಕೂರಿಸಿಕೊಂಡು ನಾನೇ ಕಾರನ್ನು ಹಾಸನಕ್ಕೆ ಒಯ್ದೆ.

ವೈರಿಂಗ್ ಅಂಗಡಿಯವನು ಪೆಡಲಿನ ಕೆಳಗೆ ತಲೆ ತೂರಿಸಿದ. "ಆಯಿಲ್ ಸ್ವಿಚ್ ಸವಾಸ ಬ್ಯಾಡಿ ಸಾ. ಪೆಡಲ್‌ಗೇ ಒಂದು ಕೂರುಸ್ತೀನಿ. ಕಾಲು ತಾಗುದ್ರೆ ಸಾಕು, ಅತ್ಕೊತದೆ." ಈಚಿನ ಕಾರೊಂದರ ಸ್ವಿಚ್ಚನ್ನು ತಗಡಿನ ಪಟ್ಟಿಗೆ ಬಿಗಿದು, ಪೆಡಲಿಗೆ ತಾಗುವಂತೆ ಕೂರಿಸಿದ. ಅಪ್ಪ ಸವರಿದರು.

"ಹತ್ತಿತು ಕಣ್ರೀ!" ಕಾರಿನ ಹಿಂದೆ ನಿಂತಿದ್ದ ಅಮ್ಮ ಕೂಗಿದಳು. ಅಪ್ಪ ಮತ್ತೆ ಮತ್ತೆ ಸವರಿದರು. ಅವಳು ಪ್ರತಿ ಸಲವೂ ಕೂಗಿದಳು. ಇಬ್ಬರೂ ಮಕ್ಕಳಾಗಿಬಿಟ್ಟಿದ್ದರು.

ಆ ಭಾನುವಾರ ನುಗ್ಗೇಹಳ್ಳಿಗೆ ನಾನೂ ಹೊರಟೆ. ಕಾವಲಿನ ಕೆಲಸ ತಪ್ಪಿದ್ದರಿಂದ ಅಮ್ಮ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತಳು. ಚನ್ನರಾಯಪಟ್ಟಣ ದಾಟಿದ ಮೇಲೆ, "ರೀ, ಎಮ್ಮೆ!" ಎಂದಳು. ಅಪ್ಪ ಅಂದು ಬ್ರೇಕನ್ನು ನಿಜವಾಗಿಯೂ ತುಳಿದರು. ಎಮ್ಮೆ ರಸ್ತೆಯ ನಡುವೆ ದೂರದಿಂದಲೇ ಕಾಣುವಂತೆ ನಿಂತಿತ್ತು. ತುಸು ಮುಂದೆ ಹೋದರೆ, "ರೀ, ಸೈಕಲ್ಲು!" ಆಗ ನನಗೆ ಹೊಳೆಯಿತು. ಇಷ್ಟು ವರ್ಷವೂ ಅಮ್ಮ ಹಿಂದಕ್ಕೇ ನೋಡುತ್ತಿದ್ದಳು; ಮುಂದೆ ನೋಡುವವರು ಕಾರಿನಲ್ಲಿ ಯಾರೂ ಇರಲಿಲ್ಲ.

"ಕಾಣ್ತಿಲ್ವೇನ್ರೀ?" ಅಮ್ಮ ಮೆಲ್ಲಗೆ ಕೇಳಿದಳು.

ಅಪ್ಪ ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿದರು. "ಆಪರೇಷನ್ ಮಾಡಿದ್ರೂ ಪ್ರಯೋಜನ ಇಲ್ಲ ಅಂದ್ರು ಕಣ್ಣಿನ ಡಾಕ್ಟ್ರು. ಹೇಳಿದ್ರೆ ಕಾರು ಕಿತ್ಕೋತೀರಿ ಅಂತ ಸುಮ್ನಿದ್ದೆ." ತಾವೇ ಇಳಿದು ಬಾಗಿಲು ತೆರೆದು ಹಿಡಿದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನು ಇಳಿದು ಸ್ಟಿಯರಿಂಗಿನ ಮುಂದೆ ಕೂತೆ.

ಅಮ್ಮ ಅವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟಳು. ನಾನು ಓಡಿಸಿದೆ. ತಿರುವು ಬರುವ ಮುಂಚೆ, ದಾರಿ ಬಾಯಿಪಾಠವಾಗಿದ್ದ ಅಪ್ಪನ ಬಲಗಾಲು ಬರಿಯ ನೆಲವನ್ನು ಮೆತ್ತಗೆ ಸವರಿತು. ನಾನೂ ಆಗಲೇ ಬ್ರೇಕು ಸವರಿದೆ. ನುಗ್ಗೇಹಳ್ಳಿಯವರೆಗೂ ಅವರ ಕಾಲು ನೋಡಿಕೊಂಡೇ ಕಾರು ಓಡಿಸಿದೆ.