ಬಾಣಂತನ ಮಾಡಿಸಿಕೊಂಡ ಗಂಡು ಹುಳುಗಳು

ನನ್ನ ಹೆಂಡತಿ ದೀಪಶ್ರೀಗೆ ಕೆರೆ ಕಂಡರೆ ಕಾಲು ನಿಲ್ಲುವುದಿಲ್ಲ. ಚನ್ನರಾಯಪಟ್ಟಣಕ್ಕೆ ಮದುವೆಗೆ ಹೊರಟವಳು ದಾರಿಯಲ್ಲಿ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದಿದ್ದಾಳೆ. ನಾನು ದಡದಲ್ಲಿ ಮುಯ್ಯಿ ಕವರ್ ಹಿಡಿದುಕೊಂಡು ಹೋಗಿಬರುವವರಿಗೆಲ್ಲ ಹಲ್ಲು ಕಿರಿದಿದ್ದೇನೆ. ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳು ಹತ್ತು ವರ್ಷದಿಂದ ಬೆನ್ನು ಹತ್ತಿರುವುದು ನೀರುತಿಗಣೆಯೊಂದರ ಸಂಸಾರವನ್ನು.

ಒಣಗಿದ ಎಲೆಯ ಚೂರಿನಂತಿರುವ ಹುಳು ಅದು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಬೆನ್ನಿಗೇ ಅಂಟಿಸಿ ಹೊರಟುಬಿಡುತ್ತದೆ. ಮರಿಯಾಗುವ ತನಕ ಹೊತ್ತು ತಿರುಗುವ ಕೆಲಸ ಅಪ್ಪನದು. ಮೊದಲ ಸಲ ಇದನ್ನು ಕೇಳಿ ನಾನು ಆ ಗಂಡಿಗಾಗಿ ಮರುಗಿದಾಗ ದೀಪಶ್ರೀ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲಾರೆ.

ಅವಳು ಕಂಡುಕೊಂಡಿದ್ದು ಇಷ್ಟು: ಹೆಣ್ಣು ಹುಡುಕಿಕೊಂಡು ಹೋಗುವುದು ಖಾಲಿ ಬೆನ್ನಿನ ಗಂಡನ್ನಲ್ಲ, ಆಗಲೇ ಮೊಟ್ಟೆ ಹೊತ್ತವನನ್ನು. ಹಾಗಿದ್ದರೆ ಲಕ್ಷಾಂತರ ವರ್ಷಗಳಲ್ಲಿ ಗಂಡನ್ನು ಒಳ್ಳೆಯ ಅಪ್ಪನಾಗಿ ತಿದ್ದಿದ್ದು ಹೆಣ್ಣಿನ ಆಯ್ಕೆಯೇ! ಅವಳು ಬರೆದು ಕಳಿಸಿದಳು. ವಿಜ್ಞಾನ ಪತ್ರಿಕೆಯ ಪರಿಶೀಲಕರು ಒಂದೇ ಪ್ರಶ್ನೆ ಕೇಳಿ ಅಡ್ಡಗಾಲು ಹಾಕಿದರು. ಮೊಟ್ಟೆಗೆ ಗಾಳಿ ತಾಕಲೆಂದು ಹೊತ್ತವನು ಸದಾ ನೀರಿನ ಮೇಲ್ಭಾಗದಲ್ಲಿರುತ್ತಾನೆ, ಖಾಲಿ ಬೆನ್ನಿನವನು ತಳದಲ್ಲಿ ಅವಿತಿರುತ್ತಾನೆ. ಹೆಣ್ಣು ಮೊಟ್ಟೆ ನೋಡಿ ಹೋಯಿತೋ, ಸುಮ್ಮನೆ ಎದುರಿಗೆ ಸಿಕ್ಕವನ ಬಳಿ ಹೋಯಿತೋ? ಇದಕ್ಕೆ ಉತ್ತರವಿಲ್ಲದಿದ್ದರೆ ಹತ್ತು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹೊಳೆನರಸೀಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಟಬ್ಬುಗಳ ಸಾಲಿತ್ತು. ಒಂದೊಂದರಲ್ಲೂ ಮೊಟ್ಟೆ ಹೊತ್ತ ಒಂದು ಗಂಡು, ಹೊರದ ಒಂದು ಗಂಡು, ಒಂದು ಹೆಣ್ಣು. ಮೇಲೊಂದು ಪುಟ್ಟ ಕ್ಯಾಮೆರಾ. ಎರಡೂ ಗಂಡುಗಳನ್ನು ಒಂದೇ ಮಟ್ಟಕ್ಕೆ ತರಲು ತಳಕ್ಕೆ ಬೆಳಕು ಬಿಟ್ಟಳು, ನಡುವೆ ಬಲೆ ಕಟ್ಟಿದಳು. ಗಂಡುಗಳು ತಮ್ಮ ತಮ್ಮ ಜಾಗ ಬಿಡಲಿಲ್ಲ. ದೀಪಶ್ರೀ ಊಟ ಬಿಟ್ಟಳು.

ಆ ಭಾನುವಾರ ಇನ್ನಷ್ಟು ಹುಳು ತರಲು ಅರಕಲಗೂಡಿನ ಕಡೆ ಹೋಗಿ ಬಂದೆವು. ನೋಡಿದರೆ ಟಬ್ಬುಗಳಲ್ಲಿ ಬೆರಳು ಮುಳುಗುವಷ್ಟೂ ನೀರಿಲ್ಲ!

"ಅತ್ತೆ, ನೀರೆಲ್ಲ ಏನಾಯ್ತು?"

"ಚೆಲ್ದೆ ಕಣವ್ವಾ," ಎಂದಳು ನನ್ನ ತಾಯಿ ಪುಟ್ಟತಾಯಮ್ಮ. "ಬಾಣಂತೀರ್ನ ಅಂಗೆ ತಣ್ಣೀರಲ್ಲಿ ಮುಳುಗ್ಸಿ ಇಟ್ಟಾರಾ? ಸೀತ ಆಗಕಿಲ್ವಾ? ಪಾಪ, ಉಸ್ರು ಕಟ್ಟಿ ಮೇಲ್ಮೇಲೆ ಬತ್ತಿದ್ವು."

"ಅವು ಬಾಣಂತೀರಲ್ಲ ಅತ್ತೆ! ಗಂಡಸ್ರು!"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮ ಬೀದಿಯ ಅರ್ಧ ಬಾಣಂತನ ಅವಳ ಕೈಯಲ್ಲೇ ಆಗಿದೆ. ಕಿವಿಗೆ ಬಟ್ಟೆ ಕಟ್ಟಬೇಕು, ತಣ್ಣೀರು ಸೋಕಬಾರದು, ಮೈಗೆ ಸಾಂಬ್ರಾಣಿ ಹೊಗೆ ಕೊಡಬೇಕು. ಪುಣ್ಯಕ್ಕೆ ಹುಳುಗಳಿಗೆ ಸಾಂಬ್ರಾಣಿ ಹಾಕಿರಲಿಲ್ಲ. ನಾನು ರೇಗಿಬಿಟ್ಟೆ. ದೀಪಶ್ರೀ ರೇಗಲಿಲ್ಲ, ನೆಲದ ಮೇಲೆ ಕುಸಿದು ಕೂತಳು. "ನಿನ್ ಕೆಲ್ಸಕ್ಕೆ ನಾನೇ ಮಣ್ಣಾಕ್ಬುಟ್ನಾ?" ಎಂದು ಅವ್ವ ಅಳುತ್ತಾ ಹೊರಗೆ ಹೋದಳು.

ಏನಾದರೂ ಉಳಿದಿದೆಯೇ ಎಂದು ದೀಪಶ್ರೀ ಕ್ಯಾಮೆರಾದ ದೃಶ್ಯ ಹಾಕಿದಳು. ಅವ್ವನ ಬಳೆಗೈ ಬಂತು, ಚೊಂಬು ಬಂತು, ನೀರು ಇಳಿಯಿತು. ಅವಿತುಕೊಳ್ಳಲು ಆಳವೇ ಇಲ್ಲದೆ ಎರಡೂ ಗಂಡುಗಳು ಅಕ್ಕಪಕ್ಕ, ಒಂದೇ ಮಟ್ಟದಲ್ಲಿ ನಿಂತವು. ಆಮೇಲೆ ಹೆಣ್ಣು ಹೊರಟಿತು. ಖಾಲಿ ಬೆನ್ನಿನವನನ್ನು ಸವರಿಕೊಂಡೇ ದಾಟಿ, ಮೊಟ್ಟೆ ಹೊತ್ತವನ ಬೆನ್ನೇರಿತು.

"ರೀ! ಇನ್ನೊಂದು ಹಾಕ್ರೀ, ಬೇಗ!"

ಇನ್ನೊಂದರಲ್ಲೂ ಅದೇ. ಮತ್ತೊಂದರಲ್ಲೂ ಅದೇ! ದೀಪಶ್ರೀ ನನ್ನ ತೋಳನ್ನು ಹಿಂಡಿದ ರಭಸಕ್ಕೆ ಕೈ ಜೋಮು ಹಿಡಿಯಿತು. ಆದರೂ ಅವಳು ವಿಜ್ಞಾನಿ ನೋಡಿ, ಅಚಾತುರ್ಯವನ್ನು ಪುರಾವೆ ಎನ್ನುವವಳಲ್ಲ. ಹೊಸ ಹುಳುಗಳನ್ನಿಟ್ಟು, ಅಷ್ಟೇ ನೀರನ್ನು ಅಳೆದು ಹಾಕಿ, ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಅಷ್ಟು ದಿನವೂ ಅವ್ವ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಎಷ್ಟು ಕರೆದರೂ, "ನನ್ ಕೈ ಒಳ್ಳೇದಲ್ಲ" ಎನ್ನುತ್ತಿದ್ದಳು.

ಕೊನೆಯ ಟಬ್ಬಿನ ಲೆಕ್ಕ ಮುಗಿದ ಮಧ್ಯಾಹ್ನ ದೀಪಶ್ರೀ ಒದ್ದೆ ಕೈಯಲ್ಲೇ ಅಡುಗೆಮನೆಗೆ ಓಡಿದಳು.

"ಅತ್ತೆ, ಗೆದ್ವಿ! ಗಂಡು ಎಲ್ಲಿದ್ದಾನೆ ಅಂತ ಅಲ್ಲ, ಹೆಣ್ಣು ಮೊಟ್ಟೆ ನೋಡೇ ಹೋಗೋದು! ಒಬ್ಳು ನಂಬಿ ಕೊಟ್ಟಿದ್ದನ್ನ ಇವನು ಉಳಿಸ್ಕೊಂಡಿದ್ದಾನೆ, ನನ್ನದೂ ಉಳಿಸ್ತಾನೆ ಅಂತ. ನೀವು ನೀರು ಚೆಲ್ದೇ ಇದ್ದಿದ್ರೆ ನನಗಿದು ಹೊಳೀತಾನೇ ಇರ್ಲಿಲ್ಲ!"

ಅವ್ವನಿಗೆ ಅದೆಲ್ಲ ತಲೆಗೆ ಹೋದಂತೆ ಕಾಣಲಿಲ್ಲ.

"ನಿನ್ ಕೆಲ್ಸ ಉಳೀತಾ, ಅದೇಳು."

"ಉಳೀತು ಅತ್ತೆ."

ಅವ್ವ ಕಣ್ಣೊರೆಸಿಕೊಂಡಳು. ಬಿಂದಿಗೆ ತುಂಬಿ ಸೊಂಟಕ್ಕೇರಿಸಿ ಹಿಂದಿನ ಕೋಣೆಯವರೆಗೆ ಬಂದು ಹೊಸ್ತಿಲಲ್ಲಿ ನಿಂತಳು.

"ಈಗ ಉಯ್ಲೇನವ್ವಾ? ಗಂಡಸ್ರೇ ಆದ್ರೂ ಮಕ್ಳೊಂದಿಗ್ರು."

ದೀಪಶ್ರೀ ಅವಳ ಕೈ ಹಿಡಿದು ಒಳಗೆ ಕರೆದುಕೊಂಡಳು.