ಊರಿಗಾಂ ಶಾಲೆಯ ಖಾಲಿ ಗೋಡೆ

ಚಿನ್ನದ ಗಣಿಯ ಪಕ್ಕದ ನಮ್ಮ ಊರಿಗಾಂ ಶಾಲೆಯ ಹೆಡ್‌ಮಿಸ್ಟ್ರೆಸ್ ಸೆರಗಿನಿಂದ ಕನ್ನಡಕ ಒರೆಸತೊಡಗಿದರೆ, ನಾವು ಹೇಳಿದ್ದು ಅವರಿಗೆ ಹಿಡಿಸಲಿಲ್ಲವೆಂದೇ ಅರ್ಥ. ಶಾಲೆಯ ಧ್ಯೇಯವನ್ನು ಗೋಡೆಗೆ ಬರೆಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ನಾವು ಮೇಷ್ಟ್ರುಗಳು ಶಿಸ್ತು ಎಂದೆವು, ಸತ್ಯ ಎಂದೆವು, ಸೇವೆ ಎಂದೆವು. ಅವರು ಕನ್ನಡಕ ಒರೆಸುತ್ತ, "ಇದು ಯಾವ ಸ್ಕೂಲಿಗಾದ್ರೂ ಆಯ್ತದಲ್ಲಪ್ಪಾ, ನಮ್ದು ಯಾವ್ದು?" ಎನ್ನುತ್ತಿದ್ದರು. ಸುಣ್ಣ ಬಳಿದ ಗೋಡೆ ವಾರಗಟ್ಟಲೆ ಖಾಲಿಯೇ ಇತ್ತು.

ಒಂದು ಮಧ್ಯಾಹ್ನ ಗಣಿಯಾಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದು ನಮ್ಮ ಬೆಂಚುಗಳು ಅದುರಿದವು. ಅಪ್ಪಂದಿರು ಕೆಳಗಿಳಿದಿದ್ದ ಮಕ್ಕಳು ಗೇಟಿನತ್ತ ಓಡಿದರು. ನಾನು ಗೇಟು ಹಾಕಲು ಹೋದೆ.

"ತೆಗೀರಿ ಮೇಷ್ಟ್ರೇ, ಎಲ್ಲಾರೂ ಓಗೋಣ," ಎಂದರು ಹೆಡ್‌ಮಿಸ್ಟ್ರೆಸ್.

ಗಣಿಗೆ ಸಂಬಂಧವೇ ಇಲ್ಲದ ಫ್ಯಾಕ್ಟರಿ ನೌಕರರ ಮಕ್ಕಳನ್ನೂ ಸೇರಿಸಿ ಇಡೀ ಶಾಲೆಯನ್ನು ಗಣಿಯ ಬಾಯಿಗೆ ನಡೆಸಿಕೊಂಡು ಹೋದರು. ಒಬ್ಬೊಬ್ಬರೇ ಅಪ್ಪಂದಿರು ಮೇಲೆ ಬಂದರು. ಆದರೂ ಯಾವ ಮಗುವೂ ಮನೆಗೆ ಹೊರಡಲಿಲ್ಲ. ಕೊನೆಗೆ ಉಳಿದ ಹುಡುಗಿಯ ಅಪ್ಪ ಬರುವವರೆಗೂ ಎಲ್ಲರೂ ಅವಳ ಸುತ್ತ ನಿಂತೇ ಇದ್ದರು. ಹಾಗೆ ನಿಲ್ಲಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಪೇಂಟರ್ ಬಂದಾಗ ಹೆಡ್‌ಮಿಸ್ಟ್ರೆಸ್ ಕನ್ನಡಕಕ್ಕೆ ಕೈ ಹಾಕಲಿಲ್ಲ. ಗೋಡೆಯ ಮೇಲೆ ಒಂದೇ ಸಾಲು ಬರೆಸಿದರು: ನಮ್ಮಲ್ಲಿ ಯಾರೂ ಒಬ್ಬರೇ ಕಾಯುವುದಿಲ್ಲ.