ಕೆಂಪು ಬಸ್ಸಿನ ಬೆನ್ನು ಹತ್ತಿ

ಮುಂಬೈಗೆ ಬಂದ ಮೂರನೆಯ ದಿನವೇ ನನ್ನನ್ನು ನೋಡಲು ಜನ ಟಿಕೀಟು ತೆಗೆದುಕೊಂಡು ಬಂದರು.

ಸುಳ್ಳಲ್ಲ. ಮಟಮಟ ಮಧ್ಯಾಹ್ನ, ಗಿರಗಾಂವಿನ ನಮ್ಮ ಚಾಳಿನ ಎರಡನೆಯ ಮಹಡಿಯ ಗ್ಯಾಲರಿಯಲ್ಲಿ ಹಪ್ಪಳ ಒಣಹಾಕುತ್ತಿದ್ದೆ. ಚಾಳು ಎಂದರೆ ಒಂದೇ ಉದ್ದ ಗ್ಯಾಲರಿಗೆ ಸಾಲಾಗಿ ಕೋಣೆಗಳಿರುವ ಕಟ್ಟಡ, ಒಂದು ಕೋಣೆಗೆ ಒಂದು ಸಂಸಾರ. ಕೆಳಗೆ ಕೆಂಪು ಬಸ್ಸೊಂದು ಬಂದು ನಿಂತಿತು. ಅದರಿಂದ ಇಳಿದ ಬಿಳಿ ಟೋಪಿಯ ಮನುಷ್ಯ ತಗಡಿನ ಭೋಂಗಾ ಬಾಯಿಗೆ ಹಿಡಿದು ಏನೋ ಕೂಗಿ, ಕೈ ಎತ್ತಿ ನೇರ ನನ್ನ ಕಡೆಗೇ ತೋರಿಸಿದ. ಬಸ್ಸಿನ ಕಿಟಕಿಗಳಿಂದ ಮುಖಗಳೆಲ್ಲ ಹೊರಬಂದು ನನ್ನನ್ನು ನೋಡಿದವು. ಒಬ್ಬಾಕೆ ತನ್ನ ಕಂಕುಳ ಕೂಸಿಗೂ ಬೊಟ್ಟು ಮಾಡಿ ತೋರಿಸಿದಳು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೋಡಿ ಅಗಳಿ ಹಾಕಿದೆ. ಹಪ್ಪಳ ಕಾಗೆಯ ಪಾಲಾಯಿತು.

ಸಂಜೆ ನಮ್ಮವರು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಮುಂಬೈ ತೋರಸೂ ಬಸ್ಸು. ದಿನಾ ಬರತೈತಿ. ಕೆಳಗಿನ ಹೋಟೆಲಿನ್ಯಾಗ ಅವರಿಗೆ ಚಹಾ. ಚಾಳ ಅಂದ್ರ ಹಿಂಗಿರತೈತಿ ಅಂತ ತೋರಿಸಿರಬೇಕು."

"ಮುಂಬೈ ನೋಡಾಕ ಬಂದಾಕಿ ನಾನು. ಮುಂಬೈನ ನನ್ನ ನೋಡಿಕೊಂಡು ಹೋತಲ್ರಿ!" ಎಂದೆ. ಸಿಟ್ಟು ಬಂದಿತ್ತು, ಒಳಗೊಳಗೆ ಸ್ವಲ್ಪ ಖುಷಿಯೂ ಆಗಿತ್ತು. ಮಹಾಗಾಂವದಲ್ಲಿ ನನ್ನನ್ನು ಯಾರು ದುಡ್ಡು ಕೊಟ್ಟು ನೋಡುತ್ತಿದ್ದರು?

ನಾನು ಗಡಹಿಂಗ್ಲಜ ತಾಲ್ಲೂಕಿನ ಮಹಾಗಾಂವದ ಜೈನರ ಮನೆಯ ಮಗಳು. ಮದುವೆಯಾಗಿ ಇಚಲಕರಂಜಿಗೆ ಬಂದು ವರ್ಷ ತುಂಬುವುದರೊಳಗೆ ಮನೆಯ ಮಗ್ಗದ ಸೀರೆಗಳನ್ನು ಮುಂಬೈ ಪೇಟೆಗೆ ಮುಟ್ಟಿಸುವ ಕೆಲಸ ನಮ್ಮವರಿಗೆ ಬಂತು. ಅವರ ಹಿಂದೆ ನಾನೂ ಬಂದೆ. ಇಚಲಕರಂಜಿಯಲ್ಲಿ ಮಗ್ಗದ ಖಟಖಟ ನಿಂತರೆ ನಿದ್ದೆ ಬಾರದಂತಾಗಿತ್ತು. ಇಲ್ಲಿ ಬೆಳಗಾದರೆ ಹಾಲಿನವನ ಕೂಗು, ಆಮೇಲೆ ಟ್ರಾಮಿನ ಗಂಟೆ, ಆಮೇಲೆ ಇಡೀ ಚಾಳಿನ ಕೊಡಗಳು ನಳದ ಮುಂದೆ ಸಾಲು ಹಚ್ಚುವ ಸದ್ದು. ಊರಿನಲ್ಲಿ ಬಾವಿ ಯಾವಾಗಲೂ ತುಂಬಿ ನಿಂತಿರುತ್ತಿತ್ತು, ನಾವು ಬೇಕಾದಾಗ ಹೋಗುತ್ತಿದ್ದೆವು. ಇಲ್ಲಿ ನೀರು ತಾನು ಬೇಕೆಂದಾಗ ಬರುತ್ತದೆ, ನಾವು ಅದರ ದಾರಿ ಕಾಯುತ್ತೇವೆ. ಜೈನರ ರೂಢಿಯಂತೆ ನಾನು ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿಕೊಳ್ಳುವುದನ್ನು ಮೊದಮೊದಲು ಎಲ್ಲರೂ ಕೈಕೆಲಸ ಬಿಟ್ಟು ನೋಡುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಪಕ್ಕದ ಕೋಣೆಯ ಕುಸುಮತಾಯಿಯೇ ನನ್ನ ಪರವಾಗಿ "ಅವಳು ಬಟ್ಟೆ ಕಟ್ಟಿಕೊಳ್ಳಲಿ, ನೂಕಬೇಡಿ" ಎಂದು ಜಗಳಾಡತೊಡಗಿದಳು.

ಕುಸುಮತಾಯಿ ರತ್ನಾಗಿರಿ ಕಡೆಯವಳು. ಮೀನಿಲ್ಲದೆ ಅವಳಿಗೆ ತುತ್ತು ಇಳಿಯದು. ಆದರೆ ಮೀನು ಹುರಿಯುವ ದಿನ ನಮ್ಮ ಕಡೆಯ ಕಿಟಕಿ ಮುಚ್ಚಿಕೊಳ್ಳುವಷ್ಟು ದೊಡ್ಡ ಮನಸ್ಸು. ಗಡಹಿಂಗ್ಲಜದ ಸಂತೆಯಲ್ಲಿ ಮರಾಠಿಯೆಂದರೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಇಲ್ಲಿ ನಾನು ಬಾಯಿ ಬಿಟ್ಟರೆ ಅವಳು, "ತುಮಚ್ಯಾಕಡೇ ಅಸಂ ಮ್ಹಣತಾತ?" ಎಂದು ನಗುವಳು. ನಿಮ್ಮ ಕಡೆ ಹೀಗೆನ್ನುತ್ತಾರಾ, ಎಂದು. ದಿನಕ್ಕೆ ಹತ್ತು ಸಲವಾದರೂ ನಾನು ಯಾವುದೋ 'ಕಡೆ'ಯವಳಾಗುತ್ತಿದ್ದೆ.

ನಮ್ಮವರು ಬೆಳಿಗ್ಗೆ ಹೋದರೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಬಂದು, ಉಂಡು ಮತ್ತೆ ಪೇಟೆಗೆ ಹೋಗುತ್ತಿದ್ದರು. ಬಸದಿಯ ದಾರಿ, ಕಾಯಿಪಲ್ಲೆಯ ದಾರಿ, ಇವೆರಡೇ ನನಗೆ ಗೊತ್ತಿದ್ದ ಮುಂಬೈ. ಸಮುದ್ರ ಕೂಗಳತೆಯಲ್ಲಿದ್ದರೂ ಒಮ್ಮೆ ಮಾತ್ರ ಮರಳಿನ ಈಚೆ ನಿಂತು ನೋಡಿ ಬಂದಿದ್ದೆ. ಮಧ್ಯಾಹ್ನದ ಬೇಸರಕ್ಕೆ ಆ ಕೆಂಪು ಬಸ್ಸೇ ಗತಿಯಾಯಿತು. ಈಗ ನಾನು ಅಡಗುತ್ತಿರಲಿಲ್ಲ, ಗ್ಯಾಲರಿಯಲ್ಲಿ ಕಾಯುತ್ತಿದ್ದೆ. ಟೋಪಿಯವನು ಬೆಳಗಿನಿಂದ ನೋಡಿದ್ದೇನು, ಇನ್ನು ನೋಡುವುದೇನು ಎಂದು ಭೋಂಗಾದಲ್ಲಿ ಹೇಳುತ್ತಿದ್ದ: ರಾಣಿಬಾಗಿನ ಹುಲಿ, ಗುಡ್ಡದ ಮೇಲಿನ ತೂಗುತೋಟ, ಮ್ಯೂಸಿಯಮ್ಮಿನ ಗುಮ್ಮಟ, ಗೇಟ್‌ವೇಯ ಕಮಾನು, ಕೊನೆಗೆ ಸಮುದ್ರದ ದಂಡೆಯ ದೀಪಗಳ ಸಾಲು. ಕೇಳಿ ಕೇಳಿ ನನಗೆ ಎಲ್ಲವೂ ಬಾಯಿಪಾಠವಾಯಿತು.

ತಪ್ಪು ಮಾಡಿದ್ದು ಇಲ್ಲಿ. ಇಚಲಕರಂಜಿಗೆ ಕಾಗದ ಬರೆಯುವಾಗ ಬರೀ ನಳದ ನೀರಿನ ವಿಷಯವನ್ನೇ ಎಷ್ಟು ಬರೆಯುವುದು? ಒಂದು ವಾರ ರಾಣಿಬಾಗು ನೋಡಿದೆ ಎಂದು ಬರೆದೆ. ಮರುವಾರ ತೂಗುತೋಟ. ಕೈ ಓಡಿತು, ಆರು ತಿಂಗಳಲ್ಲಿ ಇಡೀ ಮುಂಬೈಯನ್ನು ಕಾಗದದ ಮೇಲೆ ನೋಡಿ ಮುಗಿಸಿದೆ.

ಸಂಕ್ರಾಂತಿ ಆದಮೇಲೆ ನಮ್ಮವರ ಹೆಸರಿಗೆ ಅತ್ತೆಯವರ ಕಾಗದ ಬಂತು: "ಸಣ್ಣ ಹುಡುಗಿ, ಹಿರಿಯರಿಲ್ಲದ ಊರಾಗ ಒಬ್ಬಾಕೆ ಹ್ಯಾಂಗ ಇರತಾಳ ಅಂತ ನನಗ ನಿದ್ದಿಲ್ಲ. ಬಂದು ನೋಡತೇವಿ. ಸರಿ ಕಾಣಲಿಲ್ಲಂದ್ರ ಪದ್ಮಾನ್ನ ಕರಕೊಂಡು ಬರತೇವಿ. ನೀ ಖಾನಾವಳಿಯಾಗ ಉಣ್ಣು." ಆ ಹನ್ನೆರಡು ಅಡಿಯ ಕೋಣೆ, ಹೊತ್ತು ಮುಳುಗುವ ಮುಂಚೆ ಇಬ್ಬರೇ ಎದುರುಬದುರು ಕೂತು ಉಣ್ಣುವ ಊಟ, ಇವನ್ನು ಬಿಟ್ಟು ಹೋಗಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಮಾವನವರು ಹೊಸದಾಗಿ ಕೊಂಡ ಕರಿ ಮೋಟಾರನ್ನು ಕೊಲ್ಲಾಪುರ, ಪುಣೆ ಮಾರ್ಗವಾಗಿ ಅತ್ತೆಯವರ ಸಮೇತ ತಾವೇ ಓಡಿಸಿಕೊಂಡು ಬಂದಿಳಿದರು. ಮುಖ ಧೂಳು, ಧೂಳಿನೊಳಗೆ ನಗು. ಮರುದಿನ ಊರು ನೋಡುವ ಮಾತು ಬಂತು.

"ಬಸ್ಸಿನ್ಯಾಗ ಹೋಗ್ರಿ. ಸಂಗಾಟ ಹೇಳಾವ ಇರತಾನ, ದಾರಿ ತಪ್ಪಂಗಿಲ್ಲ," ಎಂದರು ನಮ್ಮವರು. ಅಂದು ಅವರಿಗೆ ಪೇಟೆ ಬಿಡುವಂತಿರಲಿಲ್ಲ.

ಮಾವನವರು ಮೀಸೆ ಸವರಿದರು. "ಖಂಬಾಟಕಿ ಘಾಟ ಇಳಿಸಿಕೊಂಡು ಬಂದೇನಿ ನಾನು. ಇಲ್ಲಿ ಬಂದು ಇನ್ನೊಬ್ಬರ ಬಸ್ಸಿನ್ಯಾಗ ಕುರಿ ಹಂಗ ಕುಂಡ್ರಲೇನು? ಅಂವ ಹತ್ತು ನಿಮಿಷ ಅಂದ್ರ ಹತ್ತ ನಿಮಿಷಕ್ಕ ಎದ್ದು ಬರಬೇಕು."

"ಹೊಸಾ ಊರಾಗ ಗಾಡಿ ಹೊಡಿಯೂದು ಸಲೀಸಲ್ಲಪ್ಪಾ."

ನಾನು ಮನಸ್ಸಿನಲ್ಲೇ ಬಸ್ಸಿನ ಪರ. ಟೋಪಿಯವನೇ ಎಲ್ಲ ತೋರಿಸಿದರೆ ನಾನು ಹೂಂಗುಟ್ಟಿದರೆ ಸಾಕು. ಆದರೆ ಅತ್ತೆ ಒಂದೇ ಒಂದು ಪ್ರಶ್ನೆ ಕೇಳಿದರು: "ಆ ಬಸ್ಸು ತಿರುಗಿ ಬರೂದು ಯಾವಾಗ?"

"ದೀಪಾ ತೋರಿಸಿಕೊಂಡು ಬರತಾರ. ಏಳೂವರಿ ಆಗತೈತಿ."

"ಹಂಗಾರ ಬ್ಯಾಡ," ಎಂದರು ಅತ್ತೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅತ್ತೆಯವರಂತೂ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. "ನಮ್ಮ ಗಾಡಿಯಾಗ ಹೋಗೂಣು, ಬೇಕಾದಾಗ ನಿಲ್ಲಸಬಹುದು. ದಾರಿ ನಮ್ಮ ಪದ್ಮಾ ತೋರಸತಾಳ. ಎಲ್ಲಾ ನೋಡ್ಯಾಳಲ್ಲ, ಕಾಗದದಾಗ ಬರದಿದ್ಲು."

ನಮ್ಮವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

ರಾತ್ರಿ ಹೊರಳಾಡುವಾಗ ಉಪಾಯ ಹೊಳೆಯಿತು. ಬಸ್ಸಿನಲ್ಲಿ ಕೂರದಿದ್ದರೇನು, ಬಸ್ಸಿನ ಬೆನ್ನು ಹತ್ತಬಹುದಲ್ಲ! ಬೆಳಿಗ್ಗೆ ರೊಟ್ಟಿ ಬಡಿಯುವುದನ್ನು ಬೇಕೆಂದೇ ಉದ್ದ ಮಾಡಿದೆ. ಶೇಂಗಾದ ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿದ್ದನ್ನೇ ಮತ್ತೆ ಕುಟ್ಟಿದೆ. ಮಾವನವರು ಎರಡು ಸಲ ಭೋಂಯ್ ಎಂದು ಹಾರ್ನ್ ಒತ್ತಿದರು. ಮಧ್ಯಾಹ್ನ ಕೆಂಪು ಬಸ್ಸು ಬಂದು, ಟೋಪಿಯವನು ಚಹಾ ಕುಡಿದು ಹತ್ತಿದ ಮೇಲೆಯೇ ನಾನು ಬುತ್ತಿ, ತಾಮ್ರದ ತಂಬಿಗೆಯಲ್ಲಿ ಸೋಸಿ ಕಾಯಿಸಿದ ನೀರು ಹಿಡಿದು ಕೆಳಗಿಳಿದೆ.

ಅಬ್ಬ, ಆ ಮಧ್ಯಾಹ್ನ! ಬಸ್ಸು ಬಲಕ್ಕೆ ಹೊರಳಿದರೆ ನಾನು "ಬಲಕ್ಕ ತಗೋರಿ ಮಾವಾರ" ಎನ್ನುವೆ. ಎಡಕ್ಕೆ ಹೊರಳಿದರೆ ಎಡಕ್ಕ. ಮ್ಯೂಸಿಯಮ್ಮಿನ ಮುಂದೆ ಟೋಪಿಯವನು ಭೋಂಗಾ ಎತ್ತುವುದರೊಳಗೆ ನಾನು ಅವನ ಮಾತನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸಿದ್ದೆ. ಮಾವನವರು "ಭಾಳ ಶಾಣೇಕಿ ನಮ್ಮ ಸೊಸಿ" ಎಂದರು. ಹೇಳುತ್ತಿದ್ದದ್ದು ಬಾಯಿಪಾಠ, ನೋಡುತ್ತಿದ್ದದ್ದು ಮಾತ್ರ ನಾನೂ ಮೊದಲನೆಯ ಸಲ. ಗುಮ್ಮಟ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ದೊಡ್ಡದಿತ್ತು. ಬಾಯಿ ತೆರೆದು ನೋಡಬೇಕೆನಿಸಿದರೂ ದಿನಾ ನೋಡುವವಳಂತೆ ಮುಖ ಮಾಡಿಕೊಂಡೆ.

ಗೇಟ್‌ವೇಯ ಕಟ್ಟೆಯ ಮೇಲೆ ಅತ್ತೆ ಕೇಳಿದರು: "ಈ ನೀರು ಖರೇನ ಉಪ್ಪೇನು? ನೀ ನೋಡಿರಬೇಕಲ್ಲ."

ಇದು ಟೋಪಿಯವನ ಪಾಠದಲ್ಲಿರಲಿಲ್ಲ. "ಹೂಂ ಅಂತಾರ್ರಿ," ಎಂದುಬಿಟ್ಟೆ. ಅತ್ತೆ ನನ್ನನ್ನೊಮ್ಮೆ ನೋಡಿದರು.

ಅಲ್ಲಿಂದ ಹೊರಡುವಾಗ ಟ್ಯಾಕ್ಸಿಗಳು ಅಡ್ಡ ಬಂದವು. ಮತ್ತೆ ದಾರಿ ಬಿಡುವಾದಾಗ ಮುಂದೆ ಕೆಂಪು ಬಸ್ಸು ಹೋಗುತ್ತಿತ್ತು. "ಹೊಡೀರಿ ಮಾವಾರ!" ಎಂದೆ. ಮುಂಬೈಯ ಎಲ್ಲ ಬಸ್ಸುಗಳೂ ಕೆಂಪು ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತೇ ಹೋಗಿತ್ತು. ಬಸ್ಸು ಹೋಯಿತು, ನಾವೂ ಹೋದೆವು. ಒಂದು ತಿರುವಿನಲ್ಲಿ ಬಸ್ಸು ನಿಂತು ಖಾಲಿಯಾಯಿತು. ಇಳಿದವರಲ್ಲಿ ಟೋಪಿಯವನಿರಲಿಲ್ಲ. ಇಳಿದವರೆಲ್ಲ ಬುಟ್ಟಿ ಹೊತ್ತ ಹೆಂಗಸರು. ಮಾವನವರು ಗಾಡಿ ತಿರುಗಿಸಲು ಜಾಗ ಹುಡುಕುತ್ತ ಒಂದು ದೊಡ್ಡ ಬಾಗಿಲೊಳಗೆ ನುಗ್ಗಿಸಿದರು.

ಅದು ಮೀನಿನ ಧಕ್ಕೆ. ದೋಣಿಗಳು ಮೀನು ಇಳಿಸುವ ಜಾಗ. ಗಾಡಿಯ ಎಡಕ್ಕೆ ಮೀನಿನ ರಾಶಿ, ಬಲಕ್ಕೆ ಸಿಗಡಿ ಸುಲಿಯುತ್ತ ಕೂತ ಹೆಂಗಸರು, ಹಿಂದೆ ಬುಟ್ಟಿಗಳು, ಗಾಲಿಯ ಕೆಳಗೆ ಮೀನಿನ ನೀರು. ಇರುವೆಗೂ ದಾರಿ ಬಿಟ್ಟು ನಡೆಯುವ ನನ್ನ ಅತ್ತೆ ನಟ್ಟನಡುವೆ ಕೂತಿದ್ದರು, ಮೂಗಿಗೆ ಸೆರಗು, ಕಣ್ಣು ಮುಚ್ಚಿ ಬಾಯಲ್ಲಿ ಣಮೋಕಾರ ಮಂತ್ರ.

"ಪದ್ಮಾ," ಎಂದರು ಕಣ್ಣು ತೆರೆಯದೆ. "ಇದನ್ನೂ ನೋಡಿದ್ದಿಯೇನು?"

ಇನ್ನು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಇಲ್ರಿ ಅತ್ತಿಯಾರ. ನಾ ಯಾವುದನ್ನೂ ನೋಡಿಲ್ಲ. ಗ್ಯಾಲರಿಯಾಗ ನಿಂತು ಕೇಳಿದ್ದನ್ನ ಬರದೀನ್ರಿ."

ಬಿಸಿಲು ಹಳದಿಗೆ ತಿರುಗಿತ್ತು. ಅತ್ತೆ ಬೆಳಿಗ್ಗೆ ಉಂಡದ್ದೇ ಉಂಡದ್ದು. ಹೊತ್ತು ಮುಳುಗಿದರೆ ನಾಳೆಯ ತನಕ ಉಪವಾಸ, ಅದೂ ನನ್ನಿಂದ. ನಾಡಿದ್ದು ಈ ಗಾಡಿಯಲ್ಲೇ ನನ್ನ ಟ್ರಂಕೂ ಇಚಲಕರಂಜಿಗೆ ಹೋಗುತ್ತದೆ ಎಂದು ಖಾತ್ರಿಯಾಯಿತು. ಅಳು ಬಂತು. ಅಳುತ್ತಲೇ ಬಾಗಿಲು ತೆಗೆದು ಆ ನೀರಿನಲ್ಲೇ ಕಾಲಿಟ್ಟು ಇಳಿದೆ.

ಸಿಗಡಿ ಸುಲಿಯುತ್ತಿದ್ದ ಕೋಳಿಯರ, ಎಂದರೆ ಮೀನುಗಾರರ, ಹೆಂಗಸೊಬ್ಬಳ ಬಳಿ ಹೋಗಿ ನನ್ನ 'ಕಡೆ'ಯ ಮರಾಠಿಯಲ್ಲೇ ಹೇಳಿದೆ: ನಮ್ಮ ಅತ್ತೆ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ಸಮುದ್ರದ ಕಟ್ಟೆಗೆ ಬೇಗ ಮುಟ್ಟಬೇಕು. ಆಕೆ ಗಾಡಿಯೊಳಗೆ ಇಣುಕಿ ನೋಡಿ, ಒಮ್ಮೆ ಸೂರ್ಯನನ್ನೂ ನೋಡಿ, ಎದ್ದು ನಿಂತು ಕೂಗಿದಳು. ನಾಲ್ಕು ಹೆಂಗಸರು ಎದ್ದರು. ಬುಟ್ಟಿಗಳು ಸರಿದವು. ಗಾಲಿಯ ಕೆಳಗೆ ಒಂದು ಸಿಗಡಿಯೂ ಸಿಗದ ಹಾಗೆ ಒಬ್ಬಳು ಕೈಯಿಂದಲೇ ದಾರಿ ಗುಡಿಸಿದಳು. "ಸರಳ ಜಾ. ಮಗ ಸಮುದ್ರ ಡಾವ್ಯಾ ಹಾತಾಲಾ ಠೇವ, ಚುಕಣಾರ ನಾಹೀಸ." ನೇರ ಹೋಗು, ಆಮೇಲೆ ಸಮುದ್ರವನ್ನು ಎಡಗೈಗೆ ಇಟ್ಟುಕೋ, ದಾರಿ ತಪ್ಪುವುದಿಲ್ಲ.

ಸಮುದ್ರ ಎಡಗೈಗೆ ಬಂತು. ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಾಗ ಸೂರ್ಯ ನೀರಿಗಿಂತ ಇನ್ನೂ ಒಂದು ಗೇಣು ಮೇಲಿದ್ದ. ಮಾವನವರು ಹಿಂಡಿ ಹಚ್ಚಿದ ರೊಟ್ಟಿ ಮೂರು ತಿಂದರು. ಅತ್ತೆ ತುತ್ತಿಗೊಮ್ಮೆ ಸೂರ್ಯನನ್ನು ನೋಡುತ್ತ ಉಂಡರು. ಇಚಲಕರಂಜಿಯಲ್ಲಿ ಮಗ್ಗದ ಮನೆಗಳ ತಗಡಿನ ಹಿಂದೆ ಹೊತ್ತು ಯಾವಾಗ ಮುಳುಗಿತೆಂದು ಅಂದಾಜಿನ ಮೇಲೆ ಹೇಳಬೇಕು. ಮೋಡವಿದ್ದ ದಿನ ಅತ್ತೆ ಸಂಶಯಕ್ಕೆ ಅರ್ಧ ಊಟದಲ್ಲಿ ಏಳುತ್ತಿದ್ದರು. ಇಲ್ಲಿ ಅವನು ಕಣ್ಣೆದುರೇ ಇಳಿಯುತ್ತಿದ್ದ. ಕೆಳಗಿನ ಅಂಚು ನೀರಿಗೆ ತಾಗಿದಾಗ ಅತ್ತೆ ತಂಬಿಗೆ ಎತ್ತಿ ಗಟಗಟ ನೀರು ಕುಡಿದು, ಬಾಯಿ ಒರೆಸಿಕೊಂಡರು.

"ಐವತ್ತು ವರ್ಷದಾಗ ಹೊತ್ತು ಮುಳುಗೂದನ್ನ ಇಷ್ಟು ಸ್ವಚ್ಛ ಕಂಡಿದ್ದಿಲ್ಲ ನೋಡ್ರಿ," ಎಂದರು ಮಾವನವರಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಬಸ್ಸು ಹೊರಳಿದ ಮ್ಯಾಲ ನೀ ಎಡಕ್ಕ ಬಲಕ್ಕ ಅಂತಿದ್ದಿ. ನನಗ ಕಣ್ಣಿಲ್ಲೇನು? ಆ ಮೀನಿನ ನೀರಾಗ ಕಾಲಿಟ್ಟು ಇಳದಿಯಲ್ಲ, ಆಗ ಅಂದುಕೊಂಡೆ, ಇಕಿ ಇಲ್ಲೆ ಬಾಳತಾಳ ಅಂತ. ಇರು ಇಲ್ಲೇ. ಆದ್ರ ಕಾಗದದಾಗ ನೋಡಿದ್ದಷ್ಟ ಬರಿ."

ಖುಷಿಗೆ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಟ್ಟೆಯಾಚೆಯ ಕಲ್ಲುಗಳಿಗೆ ಇಳಿದು ಸಮುದ್ರದ ನೀರು ಬೊಗಸೆಯಲ್ಲಿ ತಂದು ಅತ್ತೆಯವರ ಮುಂದೆ ನಾಲಿಗೆಗೆ ಹಚ್ಚಿಕೊಂಡೆ. "ಖರೇನ ಉಪ್ಪೈತ್ರಿ!" ಎಂದೆ. ಹಿಂದೆ ದೀಪಗಳು ಹತ್ತಿದವು. ಕೆಂಪು ಬಸ್ಸೊಂದು ನಿಧಾನಕ್ಕೆ ಹೋಯಿತು, ಟೋಪಿಯವನು ಅದರಿಂದ ಕೈ ಚಾಚಿ ನಮ್ಮ ಕಡೆ ಏನೋ ತೋರಿಸುತ್ತಿದ್ದ. ಈ ಸಲ ನಾನು ಸೆರಗು ಎಳೆದುಕೊಳ್ಳಲಿಲ್ಲ.

ಆಮೇಲೆ ಇಷ್ಟು ವರ್ಷ ಆಯಿತು. ಟ್ರಾಮು ನಿಂತಿತು. ನಮ್ಮ ಕಡೆಯಿಂದ ಯಾರೇ ಬಂದರೂ ಊರು ನೋಡಲು ಬಸ್ಸೋ, ಸ್ವಂತ ಗಾಡಿಯೋ ಎಂದು ಕೇಳುತ್ತಾರೆ. ನಾನು ಇಬ್ಬರಿಗೂ ಸಮುದ್ರವನ್ನು ಎಡಗೈಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಕುಸುಮತಾಯಿಗೆ ನಾನು ಇವತ್ತಿಗೂ 'ತುಮಚ್ಯಾಕಡೇ'ಯವಳೇ.

ಕಳೆದ ತಿಂಗಳು ಇಚಲಕರಂಜಿಗೆ ಹೋಗಿದ್ದೆ. ಸಂಜೆ ಎಲ್ಲರೂ ಅವಸರದಿಂದ ಉಂಡೆವು. ನಾನು ನೀರಿನ ತಂಬಿಗೆ ಎತ್ತುವುದಕ್ಕೂ, ಅತ್ತೆ ತಗಡಿನ ಕಡೆ ನೋಡಿ "ಮುಳುಗ್ತು" ಎನ್ನುವುದಕ್ಕೂ ಸರಿಹೋಯಿತು. ಆಮೇಲೆ ನಗುತ್ತ ಕೇಳಿದರು: "ನಿಮ್ಮ ಮುಂಬೈದಾಗ ಇನ್ನೂ ಮುಳುಗಿರಂಗಿಲ್ಲ, ಅಲ್ಲ?"

ನಿಮ್ಮ ಮುಂಬೈ. ಈ ಮಾತು ಅವರ ಬಾಯಿಂದ ಬರಲೆಂದೇ ಅಂದು ಅಷ್ಟೆಲ್ಲ ಒದ್ದಾಡಿದ್ದೆ. ಬಂದಾಗ ಎಲ್ಲೋ ಚುಚ್ಚಿತು, ಇಲ್ಲಿಯೂ ನಾನು ಬೇರೆ 'ಕಡೆ'ಯವಳಾಗಿದ್ದೆ. ಅಲ್ಲಿ ಸೂರ್ಯ ಇನ್ನೂ ಐದಾರು ನಿಮಿಷ ಇರುತ್ತಾನೆ, ನಮ್ಮವರು ಒಬ್ಬರೇ ಕೂತು ಉಣ್ಣುತ್ತಿರುತ್ತಾರೆ. ಬಾಯಾರಿತ್ತು. ಇಲ್ಲಿ ಹೊತ್ತು ಮುಳುಗಿತ್ತು, ತಂಬಿಗೆಯನ್ನು ಕುಡಿಯದೆ ಕೆಳಗಿಟ್ಟೆ.